ದೀಕ್ಷಾಸ್ನಾನ, ರಕ್ಷಣೆ ಮತ್ತು ಹೆಸರಿಲ್ಲದ ಕೂಸುಗಳು: ಯುರೋಪಿನ ಜನಪದ ಆಚರಣೆಗಳ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಕ್ರೈಸ್ತ ಧರ್ಮದ ಸಂಸ್ಕಾರಗಳ ಸಾಲಿನಲ್ಲಿ ದೀಕ್ಷಾಸ್ನಾನವು ಮೊದಲನೆಯದು. ನೀರು ಮತ್ತು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ನಾಮೋಚ್ಚಾರಣೆ ಇದರ ಅತ್ಯಗತ್ಯ ಅಂಗಗಳು. ಈ ಸಂಸ್ಕಾರವನ್ನು ಪಡೆಯದೆ ಸತ್ತವರಿಗೆ ರಕ್ಷಣೆಯುಂಟೆ ಎಂಬ ಪ್ರಶ್ನೆಯು ಆ ಧರ್ಮದ ಚಿಂತಕರನ್ನು ಆದಿಯಿಂದಲೂ ಕಾಡಿದೆ. ದೈವಶಾಸ್ತ್ರದ ಗ್ರಂಥಗಳಲ್ಲಿ ಇದು ತತ್ತ್ವದ ಪ್ರಶ್ನೆ. ಯುರೋಪಿನ ಹಳ್ಳಿಗಳಲ್ಲಿ ಇದು ಬಾಣಂತಿಯ ಕೋಣೆಯ ಪ್ರಶ್ನೆಯಾಗಿತ್ತು. ಹುಟ್ಟುವಾಗಲೇ ಸತ್ತ ಅಥವಾ ಹುಟ್ಟಿದ ಕೆಲವೇ ಗಳಿಗೆಗಳಲ್ಲಿ ಉಸಿರು ನಿಂತ ಕೂಸು ಎಲ್ಲಿಗೆ ಹೋಗುತ್ತದೆ, ಅದನ್ನು ಯಾವ ನೆಲದಲ್ಲಿ ಹೂಳಬೇಕು, ಅದಕ್ಕೊಂದು ಹೆಸರುಂಟೆ ಎಂಬುದಕ್ಕೆ ತಂದೆತಾಯಿಗಳು ಆ ರಾತ್ರಿಯೇ ಉತ್ತರ ಕಂಡುಕೊಳ್ಳಬೇಕಾಗಿತ್ತು.

ಈ ವಿಷಯದ ಅಧ್ಯಯನವು ಬಹುಕಾಲ ದೈವಶಾಸ್ತ್ರದ ಇತಿಹಾಸಕಾರರ ಕೈಯಲ್ಲಿಯೇ ಉಳಿದಿತ್ತು. ೨೦ನೆಯ ಶತಮಾನದ ಉತ್ತರಾರ್ಧದಿಂದ ಜಾನಪದ ವಿದ್ವಾಂಸರೂ ಪುರಾತತ್ತ್ವಜ್ಞರೂ ಇದರತ್ತ ಹೊರಳಿದರು. ಫಿನ್ಲೆಂಡಿನ ಯುಹಾ ಪೆಂಟಿಕಾಯ್ನೆನ್ ಅವರು ಉತ್ತರ ಯುರೋಪಿನ ಸತ್ತ ಶಿಶುಗಳ ಐತಿಹ್ಯಗಳನ್ನು ಕುರಿತು ೧೯೬೮ರಲ್ಲಿ ಪ್ರಕಟಿಸಿದ ಗ್ರಂಥ, ಐರ್ಲೆಂಡಿನ ಮೌಖಿಕ ಪರಂಪರೆಯನ್ನು ಆಧರಿಸಿ ಆನ್ ಓ'ಕಾನರ್ ಅವರು ೧೯೯೧ರಲ್ಲಿ ಹೊರತಂದ ಅಧ್ಯಯನ, ಫ್ರಾನ್ಸಿನ ಝಾಕ್ ಝೆಲಿಸ್ ಅವರ ೨೦೦೬ರ ಕೃತಿ ಈ ದಿಕ್ಕಿನ ಮುಖ್ಯ ಪ್ರಯತ್ನಗಳು. ಶಿಷ್ಟ ಸಿದ್ಧಾಂತವು ಹಾಕಿಕೊಟ್ಟ ನಿಯಮವನ್ನು ಜನಪದರು ಹೇಗೆ ಬಾಳಿದರು, ಆ ಬಾಳುವೆಯಿಂದ ಸಿದ್ಧಾಂತಕ್ಕೆ ಏನಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಗ್ರಂಥದ ಮಾತು ಮತ್ತು ಆರಂಭದ ನಿಲುವುಗಳು

ದೀಕ್ಷಾಸ್ನಾನವು ಅನಿವಾರ್ಯವೆಂಬ ವಾದಕ್ಕೆ ಮುಖ್ಯ ಆಧಾರ ಯೋಹಾನನ ಸುವಾರ್ತೆಯ ೩ನೆಯ ಅಧ್ಯಾಯ. ನೀರಿನಿಂದಲೂ ಆತ್ಮದಿಂದಲೂ ಹೊಸದಾಗಿ ಹುಟ್ಟದವನಿಗೆ ದೇವರ ರಾಜ್ಯದಲ್ಲಿ ಪ್ರವೇಶವಿಲ್ಲವೆಂದು ಯೇಸು ನಿಕೊದೇಮನಿಗೆ ತಿಳಿಸುವ ಪ್ರಸಂಗ ಅಲ್ಲಿದೆ. ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯವು ನಂಬಿಕೆ ಮತ್ತು ದೀಕ್ಷಾಸ್ನಾನಗಳನ್ನು ರಕ್ಷಣೆಯೊಂದಿಗೆ ಜೋಡಿಸುತ್ತದೆ. ಆದರೆ ಅದೇ ಗ್ರಂಥದಲ್ಲಿ ಬೇರೆ ಬಗೆಯ ಪ್ರಸಂಗಗಳೂ ಇವೆ. ಶಿಲುಬೆಯ ಮೇಲೆ ಪಶ್ಚಾತ್ತಾಪಪಟ್ಟ ಕಳ್ಳನಿಗೆ ಯಾವ ಸ್ನಾನವೂ ಇಲ್ಲದೆ ಸ್ವರ್ಗದ ಭರವಸೆ ದೊರೆಯುವುದು ಲೂಕನ ಸುವಾರ್ತೆಯಲ್ಲಿದೆ. ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮವು ಮೊದಲು ಇಳಿದು, ನೀರಿನ ಸ್ನಾನ ಆಮೇಲೆ ನಡೆಯುವುದು ಅಪೊಸ್ತಲರ ಕೃತ್ಯಗಳಲ್ಲಿದೆ. ಹೀಗೆ ನಿಯಮ ಮತ್ತು ಅದರ ಅಪವಾದ ಎರಡೂ ಮೂಲಗ್ರಂಥದಲ್ಲಿಯೇ ಇದ್ದುದರಿಂದ ಮುಂದಿನ ವಾಗ್ವಾದಗಳಿಗೆ ಎಡೆಯುಂಟಾಯಿತು.

ಆರಂಭದ ಶತಮಾನಗಳಲ್ಲಿ ಶಿಶುಗಳ ವಿಚಾರದಲ್ಲಿ ಒಮ್ಮತವಿರಲಿಲ್ಲ. ಕ್ರಿ.ಶ. ೨೦೦ರ ಸುಮಾರಿಗೆ ಬರೆದ ತೆರ್ತುಲಿಯನ್ ಮಕ್ಕಳ ದೀಕ್ಷಾಸ್ನಾನವನ್ನು ಮುಂದೂಡುವುದೇ ಲೇಸೆಂದು ಅಭಿಪ್ರಾಯಪಟ್ಟಿದ್ದಾನೆ. ಅರ್ಧ ಶತಮಾನದ ಬಳಿಕ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್, ಎಂಟನೆಯ ದಿನದವರೆಗೂ ಕಾಯಬೇಕಿಲ್ಲವೆಂದು ಹೇಳುತ್ತಾನೆ. ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು ೩೩೭ರಲ್ಲಿ, ಮರಣಶಯ್ಯೆಯಲ್ಲಿ.

ಇದೇ ಕಾಲದಲ್ಲಿ ನಿಯಮಕ್ಕೆ ಎರಡು ಅಪವಾದಗಳು ರೂಢಿಗೆ ಬಂದವು. ನಂಬಿಕೆಗಾಗಿ ಪ್ರಾಣಕೊಟ್ಟ ರಕ್ತಸಾಕ್ಷಿಗೆ ಅವನ ರಕ್ತವೇ ಸ್ನಾನವಾಗುತ್ತದೆ ಎಂಬುದು ಮೊದಲನೆಯದು. ದೀಕ್ಷೆಯನ್ನು ಬಯಸಿ, ಅದು ಕೈಗೂಡುವ ಮುನ್ನ ಸತ್ತವನಿಗೆ ಆ ಬಯಕೆಯೇ ಸಾಲುತ್ತದೆ ಎಂಬುದು ಎರಡನೆಯದು. ೩೯೨ರಲ್ಲಿ ದೀಕ್ಷೆಯಿಲ್ಲದೆ ಮೃತನಾದ ಚಕ್ರವರ್ತಿ ಎರಡನೆಯ ವಾಲೆಂಟಿನಿಯನ್‌ನ ಸಂಸ್ಮರಣೆಯಲ್ಲಿ ಮಿಲಾನಿನ ಅಂಬ್ರೋಸ್ ಈ ಮಾತನ್ನು ಸ್ಪಷ್ಟವಾಗಿ ಆಡಿದ್ದಾನೆ. ಆದರೆ ಆಗ ತಾನೇ ಹುಟ್ಟಿದ ಶಿಶುವಿಗೆ ಬಯಕೆಯೆಂಬುದು ಇರಲಾರದು. ರಾಜನಿಗೆ ದೊರೆತ ರಿಯಾಯಿತಿ ಕೂಸಿಗೆ ದೊರೆಯಲಿಲ್ಲ. ಸಮಸ್ಯೆಯ ತಿರುಳು ಇರುವುದು ಇಲ್ಲಿ.

ಅಗಸ್ಟೀನನಿಂದ ಅಂಚಿನ ಲೋಕದವರೆಗೆ

ಈ ಪ್ರಶ್ನೆಗೆ ಕಠಿಣ ರೂಪ ಬಂದದ್ದು ೫ನೆಯ ಶತಮಾನದ ಆರಂಭದಲ್ಲಿ, ಅಗಸ್ಟೀನ್ ಮತ್ತು ಪೆಲಾಜಿಯಸ್‌ನ ಅನುಯಾಯಿಗಳ ನಡುವಣ ವಿವಾದದಲ್ಲಿ. ಶಿಶುಗಳು ನಿರ್ದೋಷಿಗಳೆಂಬುದು ಪೆಲಾಜಿಯಸ್ ಪಂಥದ ನಿಲುವು. ಹಾಗಿದ್ದರೆ ಧರ್ಮಸಭೆಯು ಶಿಶುಗಳಿಗೆ ಪಾಪಪರಿಹಾರಕ್ಕೆಂದು ಸ್ನಾನ ಮಾಡಿಸುವುದೇಕೆ ಎಂಬುದು ಅಗಸ್ಟೀನನ ಪ್ರತಿಪ್ರಶ್ನೆ. ಆದಾಮನಿಂದ ಬಂದ ಜನ್ಮಪಾಪವು ಕೂಸಿಗೂ ಅಂಟಿರುವುದರಿಂದ ದೀಕ್ಷೆಯಿಲ್ಲದೆ ಸತ್ತ ಕೂಸು ದಂಡನೆಗೆ ಒಳಗಾಗುತ್ತದೆ, ಆದರೆ ಆ ದಂಡನೆ ಎಲ್ಲಕ್ಕಿಂತ ಸೌಮ್ಯವಾದುದು ಎಂಬ ತೀರ್ಮಾನಕ್ಕೆ ಅವನು ಬಂದನು. ೪೧೮ರ ಕಾರ್ಥೇಜ್ ಸಭೆಯು ಪೆಲಾಜಿಯಸ್ ಪಂಥವನ್ನು ಖಂಡಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಗಸ್ಟೀನನು ಜನ್ಮಪಾಪದಿಂದ ಹೊರಟು ದೀಕ್ಷಾಸ್ನಾನಕ್ಕೆ ಬಂದದ್ದಕ್ಕಿಂತ, ರೂಢಿಯಲ್ಲಿದ್ದ ಆಚರಣೆಯಿಂದ ಹೊರಟು ಜನ್ಮಪಾಪವನ್ನು ಸಾಧಿಸಿದ್ದೇ ಹೆಚ್ಚು. ಆಚರಣೆಯು ಸಿದ್ಧಾಂತಕ್ಕೆ ಪ್ರಮಾಣವಾದ ನಿದರ್ಶನವಿದು. ಪೂರ್ವದ ಗ್ರೀಕ್ ಪರಂಪರೆಯು ಇಷ್ಟು ದೂರ ಸಾಗಲಿಲ್ಲ. ಇಂತಹ ಕೂಸುಗಳಿಗೆ ಮಹಿಮೆಯೂ ಇಲ್ಲ, ದಂಡನೆಯೂ ಇಲ್ಲ ಎಂದು ನಾಜಿಯಾನ್ಜಸ್‌ನ ಗ್ರೆಗೊರಿ ೪ನೆಯ ಶತಮಾನದಲ್ಲಿಯೇ ಹೇಳಿದ್ದನು.

ಮಧ್ಯಯುಗದ ವಿದ್ವಾಂಸರು ಅಗಸ್ಟೀನನ ತೀರ್ಪನ್ನು ಮೆಲ್ಲಮೆಲ್ಲಗೆ ಸಡಿಲಿಸಿದರು. ಜನ್ಮಪಾಪಕ್ಕೆ ದಂಡನೆಯೆಂದರೆ ದೇವದರ್ಶನದಿಂದ ವಂಚಿತವಾಗುವುದಷ್ಟೇ ಎಂದು ಮೂರನೆಯ ಇನ್ನೊಸೆಂಟ್ ಪೋಪ್ ೧೨೦೧ರ ಪತ್ರವೊಂದರಲ್ಲಿ ತಿಳಿಸಿದನು. ಬೆಂಕಿಯ ಯಾತನೆಯಿಲ್ಲದ, ದೇವದರ್ಶನವೂ ಇಲ್ಲದ ಈ ತಾಣಕ್ಕೆ ೧೩ನೆಯ ಶತಮಾನದ ಹೊತ್ತಿಗೆ 'ಲಿಂಬೊ' ಎಂಬ ಹೆಸರು ನಿಂತಿತು. ಲ್ಯಾಟಿನ್ನಿನಲ್ಲಿ ಈ ಪದದ ಮೂಲಕ್ಕೆ ಅಂಚು, ಸೆರಗು ಎಂಬ ಅರ್ಥವಿದೆ. ಅಲ್ಲಿಯ ಕೂಸುಗಳಿಗೆ ತಾವು ಕಳೆದುಕೊಂಡದ್ದರ ಅರಿವಿಲ್ಲದೆ ಸಹಜವಾದ ಒಂದು ಸುಖವಿರುತ್ತದೆಂದು ಥಾಮಸ್ ಅಕ್ವಿನಾಸ್ ವಿವರಿಸಿದನು. ಸಿದ್ಧಾಂತದ ದೃಷ್ಟಿಯಿಂದ ಇದು ಕರುಣೆಯ ಹೆಜ್ಜೆ. ಆದರೆ ತಾಯಿಯ ದೃಷ್ಟಿಯಿಂದ ಅದರ ಅರ್ಥ ಬೇರೆ. ಮುಂದೆ ತಾನು ಸ್ವರ್ಗ ಸೇರಿದರೂ ಅಲ್ಲಿ ತನ್ನ ಕೂಸು ಇರುವುದಿಲ್ಲ, ಅಗಲಿಕೆ ಎಂದೆಂದಿಗೂ ಮುಗಿಯುವುದಿಲ್ಲ ಎಂಬುದು ಅವಳಿಗೆ ತಲುಪಿದ ಸಂದೇಶವಾಗಿತ್ತು.

ಸೂಲಗಿತ್ತಿಯ ಕೈಯ ನೀರು

ನಿಯಮವು ಇಷ್ಟು ಕಠಿಣವಾಗಿದ್ದುದರಿಂದಲೇ ಅದರ ನೆರವೇರಿಕೆಯನ್ನು ಸುಲಭಗೊಳಿಸುವುದು ಅನಿವಾರ್ಯವಾಯಿತು. ಸರಿಯಾದ ವಿಧಿಯಲ್ಲಿ ಯಾರೇ ಮಾಡಿಸಿದರೂ ದೀಕ್ಷಾಸ್ನಾನವು ಊರ್ಜಿತವೆಂದು ೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಸಾರಿತು. ಗಂಡಸು, ಹೆಂಗಸು, ಕೊನೆಗೆ ಕ್ರೈಸ್ತರಲ್ಲದವರು ಮಾಡಿಸಿದರೂ ಸಲ್ಲುತ್ತದೆ ಎಂಬ ಮಟ್ಟಿಗೆ ಈ ಉದಾರತೆ ಬೆಳೆಯಿತು. ಬೇರೆ ಯಾವ ಸಂಸ್ಕಾರದಲ್ಲಿಯೂ ಹೆಣ್ಣಿಗೆ ಇಂತಹ ಅಧಿಕಾರವಿರಲಿಲ್ಲ. ಸಂಸ್ಕಾರದ ಮಾತುಗಳನ್ನು ಜನರಿಗೆ ಅವರ ಆಡುನುಡಿಯಲ್ಲಿ ಕಲಿಸಬೇಕೆಂದು ೧೩ನೆಯ ಶತಮಾನದ ಇಂಗ್ಲೆಂಡಿನ ಧರ್ಮಪ್ರಾಂತ್ಯ ಸಭೆಗಳು ಪಾದ್ರಿಗಳಿಗೆ ವಿಧಿಸಿದವು. ಹೀಗೆ ಸೂಲಗಿತ್ತಿಯು ಜನನ ಮತ್ತು ರಕ್ಷಣೆ ಎರಡರ ಹೊಸ್ತಿಲಲ್ಲಿಯೂ ನಿಂತಳು.

ಹೆರಿಗೆ ಕಷ್ಟವಾದಾಗ ಮೊದಲು ಕಾಣಿಸಿಕೊಂಡ ಅಂಗದ ಮೇಲೆಯೇ ನೀರು ಹನಿಸುವ ರೂಢಿ ಬೆಳೆಯಿತು. ಕೂಸು ಗಂಡೋ ಹೆಣ್ಣೋ ತಿಳಿಯುವ ಮೊದಲೇ ದೀಕ್ಷೆ ಕೊಡಬೇಕಾದ ಇಂತಹ ಸಂದರ್ಭಗಳ ಗುರುತು ಇಂಗ್ಲೆಂಡಿನ ೧೬ನೆಯ ಶತಮಾನದ ಚರ್ಚ್ ದಾಖಲೆಗಳಲ್ಲಿ ಉಳಿದಿದೆ. ಅಲ್ಲಿ ಹೆಸರಿನ ಜಾಗದಲ್ಲಿ 'ಸೃಷ್ಟಿಯ ಜೀವಿ' ಎಂಬರ್ಥದ ಪದವನ್ನು ಬರೆಯಲಾಗಿದೆ. ಈ ತರ್ಕದ ತುತ್ತತುದಿಯನ್ನು ಸಿಸಿಲಿಯಲ್ಲಿ ಕಾಣಬಹುದು. ಗರ್ಭಿಣಿಯು ಸತ್ತರೆ ಅವಳ ಹೊಟ್ಟೆಯನ್ನು ಸೀಳಿ ಭ್ರೂಣಕ್ಕೆ ದೀಕ್ಷಾಸ್ನಾನ ಮಾಡಿಸಬೇಕೆಂದು ಪಲೆರ್ಮೊದ ಪಾದ್ರಿ ಫ್ರಾಂಚೆಸ್ಕೊ ಎಮಾನುವೆಲೆ ಕಾಂಜಾಮಿಲಾ ೧೭೪೫ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು.

ಒಂದು ಗಳಿಗೆಯ ಉಸಿರು

ಸೂಲಗಿತ್ತಿಯ ನೀರಿಗೂ ಒಂದು ಮಿತಿಯಿತ್ತು. ಸತ್ತವರಿಗೆ ದೀಕ್ಷಾಸ್ನಾನವಿಲ್ಲ ಎಂಬುದು ಧರ್ಮಸಭೆಯ ಹಳೆಯ ಕಟ್ಟಳೆ. ಆದ್ದರಿಂದ ಸತ್ತು ಹುಟ್ಟಿದ ಕೂಸಿನ ಪಾಲಿಗೆ ಉಳಿದದ್ದು ಪವಾಡವೊಂದೇ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಲ್ಪ್ಸ್ ಪರ್ವತದ ತಪ್ಪಲು ಹಾಗೂ ದಕ್ಷಿಣ ಜರ್ಮನಿಯಲ್ಲಿ ಮಧ್ಯಯುಗದ ಕೊನೆಯಿಂದ ವ್ಯಾಪಕವಾಗಿ ಹಬ್ಬಿದ 'ರೆಪಿ' ಎಂಬ ಆಚರಣೆಯು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಫ್ರೆಂಚ್ ಭಾಷೆಯ ಈ ಪದಕ್ಕೆ ಗಡುವು, ಬಿಡುವು ಎಂಬರ್ಥವಿದೆ. ಸತ್ತ ಕೂಸನ್ನು ಮೇರಿಯಮ್ಮನ ಅಥವಾ ಸಂತರೊಬ್ಬರ ಗುಡಿಗೆ ಹೊತ್ತೊಯ್ದು, ಪೀಠದ ಮುಂದೆ ಮಲಗಿಸಿ, ನೆರೆದವರೆಲ್ಲ ಪ್ರಾರ್ಥಿಸುತ್ತಿದ್ದರು. ಕೆನ್ನೆ ಕೆಂಪಾಗುವುದು, ತುಟಿ ಅದುರುವುದು, ಮೈ ಬೆಚ್ಚಗಾಗುವುದು ಮುಂತಾದ ಚಿಹ್ನೆ ಕಂಡೊಡನೆ ಜೀವ ಮರಳಿತೆಂದು ಬಗೆದು ನೀರು ಹನಿಸುತ್ತಿದ್ದರು. ಕೂಸು ಮರುಗಳಿಗೆಯೇ ಮತ್ತೆ ಸಾಯುತ್ತಿತ್ತು. ಲೊರೇನ್ ಪ್ರಾಂತ್ಯದ ಅವಿಯೋತ್ ಇಂತಹ ಪ್ರಸಿದ್ಧ ಕ್ಷೇತ್ರಗಳಲ್ಲೊಂದು.

ಈ ಆಚರಣೆಯ ಬಗೆಗೆ ದೊರೆತಿರುವ ಅತ್ಯಂತ ಸಮೃದ್ಧ ಪುರಾವೆ ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದ ಓಬರ್‌ಬ್ಯೂರೆನ್ ಕ್ಷೇತ್ರದ್ದು. ಇಲ್ಲಿಗೆ ೨,೦೦೦ಕ್ಕೂ ಮಿಕ್ಕಿ ಸತ್ತ ಕೂಸುಗಳನ್ನು ತರಲಾಗಿತ್ತೆಂದು ಕಾನ್‌ಸ್ಟಾನ್ಸ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಓಟೊ ೧೪೮೬ರಲ್ಲಿ ರೋಮಿಗೆ ದೂರು ಬರೆದನು. ಹೆಂಗಸರು ಉರಿಯುವ ಕೆಂಡ ಮತ್ತು ದೀಪಗಳ ನಡುವೆ ಕೂಸನ್ನಿರಿಸಿ ಬೆಚ್ಚಗೆ ಮಾಡುತ್ತಿದ್ದುದನ್ನೂ, ತುಟಿಯ ಮೇಲೆ ಹಕ್ಕಿಯ ಗರಿಯೊಂದನ್ನಿಟ್ಟು ಅದು ಅಲುಗಿದರೆ ಉಸಿರೆಂದು ನಿರ್ಣಯಿಸುತ್ತಿದ್ದುದನ್ನೂ ಅವನ ಪತ್ರವು ವಿವರಿಸುತ್ತದೆ. ೧೫೨೮ರಲ್ಲಿ ಬರ್ನ್ ನಗರವು ಸುಧಾರಣಾ ಪಂಥವನ್ನು ಸ್ವೀಕರಿಸಿದಾಗ ಈ ಕ್ಷೇತ್ರವು ನಾಶವಾಯಿತು. ೧೯೯೨ರಿಂದ ೧೯೯೭ರವರೆಗೆ ನಡೆದ ಉತ್ಖನನದಲ್ಲಿ ಅಲ್ಲಿ ಸುಮಾರು ೨೫೦ ಶಿಶುಗಳ ಅಸ್ಥಿಗಳು ದೊರೆತವು. ಅವುಗಳಲ್ಲಿ ದಿನ ತುಂಬುವ ಮೊದಲೇ ಹುಟ್ಟಿದವೂ ಇದ್ದವು. ಧರ್ಮಾಧ್ಯಕ್ಷನ ಪತ್ರವು ವಿರೋಧಿಯೊಬ್ಬನ ಉತ್ಪ್ರೇಕ್ಷೆಯಾಗಿರಬಹುದೆಂಬ ಶಂಕೆಗೆ ಈ ಶೋಧವು ಬಹುಮಟ್ಟಿಗೆ ತೆರೆಯೆಳೆದಿದೆ.

ಶಾಖದಿಂದ ಸತ್ತ ದೇಹದ ಬಣ್ಣ ಮಾರ್ಪಡುವುದು, ಬಿಗಿತ ಸಡಿಲವಾಗುವುದು, ಒಳಗಿನ ಗಾಳಿ ಹೊರಬರುವುದು ಸಹಜವೆಂದು ಇಂದಿನ ವೈದ್ಯವಿಜ್ಞಾನ ಹೇಳುತ್ತದೆ. ಅಂದಿನ ಧರ್ಮಾಧಿಕಾರಿಗಳಿಗೂ ಸಂಶಯವಿತ್ತು. ಸ್ವಾಬಿಯಾದ ಉರ್ಸ್‌ಬರ್ಗ್ ಮಠದಲ್ಲಿ ನಡೆಯುತ್ತಿದ್ದ ಇದೇ ಬಗೆಯ ಆಚರಣೆಯನ್ನು ರೋಮಿನ ಧರ್ಮವಿಚಾರಣಾ ಮಂಡಲಿಯು ೧೭೨೯ರಲ್ಲಿ ಖಂಡಿಸಿತು. ಹದಿನಾಲ್ಕನೆಯ ಬೆನೆಡಿಕ್ಟ್ ಪೋಪನೂ ಈ ಖಂಡನೆಯನ್ನು ಎತ್ತಿಹಿಡಿದನು. ಆದರೂ ಕೆಲವೆಡೆ ಆಚರಣೆ ೧೯ನೆಯ ಶತಮಾನದವರೆಗೂ ಉಳಿಯಿತು.

ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಕೂಸನ್ನು ಹೊತ್ತು ಹಲವು ಹರದಾರಿ ನಡೆದು ಬಂದ ತಂದೆ ಧರ್ಮಸಭೆಯ ನಿಯಮವನ್ನು ಪ್ರಶ್ನಿಸಿದವನಲ್ಲ. ಅವನು ಅದನ್ನು ಅಕ್ಷರಶಃ ನಂಬಿದ್ದನು. ನೀರಿಲ್ಲದೆ ರಕ್ಷಣೆಯಿಲ್ಲ, ಜೀವವಿಲ್ಲದೆ ನೀರಿಲ್ಲ ಎಂಬ ಎರಡು ವಾಕ್ಯಗಳನ್ನೂ ಒಪ್ಪಿಕೊಂಡೇ ಅವುಗಳ ನಡುವೆ ಒಂದು ಗಳಿಗೆಯ ಬಿರುಕನ್ನು ಹುಡುಕುತ್ತಿದ್ದನು. ನಿಯಮವನ್ನು ಮುರಿಯದೆ ಅದರ ಫಲವನ್ನು ಮಾತ್ರ ತಪ್ಪಿಸುವ ಈ ಕ್ರಮವು ಜನಪದ ಧರ್ಮದ ವಿಶಿಷ್ಟ ಲಕ್ಷಣವಾಗಿದೆ.

ಹೂಳುವ ನೆಲ

ದೀಕ್ಷೆಯಿಲ್ಲದ ಕೂಸಿಗೆ ಪವಿತ್ರ ನೆಲದಲ್ಲಿ ಜಾಗವಿರಲಿಲ್ಲ. ಪರಲೋಕದಲ್ಲಿ ಅಂಚಿಗೆ ಸರಿದ ಕೂಸು ಇಹಲೋಕದಲ್ಲಿಯೂ ಅಂಚಿಗೇ ಸರಿಯಿತು. ಐರ್ಲೆಂಡಿನ 'ಕಿಲ್ಲೀನ್' ಎಂಬ ಶಿಶು ಸಮಾಧಿ ನೆಲಗಳು ಇದಕ್ಕೆ ಸಾಕ್ಷಿ. ಆ ದೇಶದಲ್ಲಿ ಸಾವಿರಕ್ಕೂ ಮಿಕ್ಕಿ ಇಂತಹ ನೆಲಗಳನ್ನು ಗುರುತಿಸಲಾಗಿದೆ. ಪಾಳುಬಿದ್ದ ಹಳೆಯ ಚರ್ಚಿನ ಆವರಣ, ಪುರಾತನ ಮಣ್ಣಿನ ಕೋಟೆ, ಊರಿನ ಗಡಿ, ಕಡಲತೀರ, ಕೂಡುದಾರಿ ಇವು ಅವುಗಳ ತಾಣಗಳು. ಕತ್ತಲಾದ ಮೇಲೆ ತಂದೆ ಅಥವಾ ಮನೆಯ ಗಂಡಸರು ಕೂಸನ್ನು ಒಯ್ದು ಹೂಳುತ್ತಿದ್ದರು. ತಾಯಿ ಮನೆಯಲ್ಲಿಯೇ ಉಳಿಯುತ್ತಿದ್ದಳು. ಆತ್ಮಹತ್ಯೆ ಮಾಡಿಕೊಂಡವರು, ಗುರುತು ಸಿಗದ ಪರಸ್ಥಳದವರು, ಕಡಲಿನಿಂದ ತೇಲಿಬಂದ ಶವಗಳು ಕೂಡ ಕೆಲವೊಮ್ಮೆ ಅಲ್ಲಿಯೇ ಸೇರುತ್ತಿದ್ದವು. ೨೦ನೆಯ ಶತಮಾನದ ಮಧ್ಯಭಾಗದವರೆಗೂ ಈ ನೆಲಗಳು ಬಳಕೆಯಲ್ಲಿದ್ದವು.

ಇವುಗಳನ್ನು ಕೂಸುಗಳನ್ನು ಎಸೆದ ಜಾಗಗಳೆಂದು ಮೊದಮೊದಲು ಭಾವಿಸಲಾಗಿತ್ತು. ಬೆಲ್‌ಫಾಸ್ಟಿನ ಪುರಾತತ್ತ್ವಜ್ಞೆ ಐಲೀನ್ ಮರ್ಫಿ ಅವರು ೨೦೧೧ರ ಲೇಖನದಲ್ಲಿ ಈ ಅಭಿಪ್ರಾಯವನ್ನು ಮರುಪರಿಶೀಲಿಸಿದ್ದಾರೆ. ಗೋರಿಗಳ ಮೇಲೆ ಆಯ್ದಿಟ್ಟ ಬಿಳಿಯ ಬೆಣಚುಕಲ್ಲುಗಳು, ನೆಟ್ಟ ಗುರುತಿನ ಕಲ್ಲುಗಳು ಹೆತ್ತವರ ಮಮತೆಯನ್ನೇ ತೋರುತ್ತವೆ. ಹೆಚ್ಚಿನ ನೆಲಗಳು ಹಿಂದೊಮ್ಮೆ ಪವಿತ್ರವಾಗಿದ್ದ ಸ್ಥಳಗಳಾಗಿರುವುದೂ ಆಕಸ್ಮಿಕವಲ್ಲ. ಹೊಸ ಚರ್ಚು ಕೊಡದ ನೆಲವನ್ನು ಹಳೆಯ ಚರ್ಚಿನ ಪಾಳು ಕೊಟ್ಟಿತು.

ಇಂಗ್ಲೆಂಡಿನ ರಾಂಡ್ಸ್ ಎಂಬಲ್ಲಿ ೧೦ನೆಯ ಶತಮಾನದಿಂದ ಬಳಕೆಯಲ್ಲಿದ್ದ ಚರ್ಚಿನ ಗೋಡೆಗೆ ಅಂಟಿಕೊಂಡಂತೆ ಶಿಶುಗಳ ಗೋರಿಗಳು ಸಿಕ್ಕಿವೆ. ಜರ್ಮನ್ ಭಾಷಿಕ ಪ್ರದೇಶಗಳಲ್ಲಿ ಸೂರಿನಡಿ ಹೂತ ಇಂತಹ ಕೂಸುಗಳಿಗೆ 'ಸೂರಿನ ಮಕ್ಕಳು' ಎಂಬರ್ಥದ ಹೆಸರೇ ಇದೆ. ಚರ್ಚಿನ ಮಾಡಿನಿಂದ ಇಳಿಯುವ ಮಳೆನೀರು ಪವಿತ್ರವಾಗಿ, ಮಣ್ಣಿನಡಿಯ ಕೂಸಿಗೆ ದೀಕ್ಷೆ ನೀಡುತ್ತದೆ ಎಂಬ ನಂಬಿಕೆಯ ಹಿನ್ನೆಲೆಯಲ್ಲಿ ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ. ಪಾದ್ರಿಯ ಕೈ ತಲುಪದಲ್ಲಿಗೆ ಮಳೆ ತಲುಪುತ್ತದೆ ಎಂಬುದು ಇಲ್ಲಿಯ ಆಶಯ.

ಜನನಕ್ಕೂ ಸಾಮಾಜಿಕ ವ್ಯಕ್ತಿತ್ವಕ್ಕೂ ನಡುವೆ ಒಂದು ಹೊಸ್ತಿಲಿದೆ, ಅದನ್ನು ವಿಧಿಯ ಮೂಲಕ ದಾಟಬೇಕು ಎಂಬ ಭಾವನೆ ಕ್ರೈಸ್ತರಿಗೆ ಮಾತ್ರ ಸೀಮಿತವಲ್ಲ. ಆರ್ನಾಲ್ಡ್ ವಾನ್ ಗೆನೆಪ್ ೧೯೦೯ರಲ್ಲಿ ನಿರೂಪಿಸಿದ ಸಂಕ್ರಮಣ ವಿಧಿಗಳ ಪರಿಕಲ್ಪನೆ ಇದನ್ನು ವಿಶದಪಡಿಸುತ್ತದೆ. ಕನ್ನಡ ನಾಡಿನ ಹಲವು ಸಮುದಾಯಗಳಲ್ಲಿ ಎಳೆಗೂಸು ಸತ್ತರೆ ಸುಡದೆ ಹೂಳುವ ಪದ್ಧತಿಯಿರುವುದನ್ನು ಇಲ್ಲಿ ನೆನೆಯಬಹುದು. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಯುರೋಪಿನ ಆಚರಣೆಗಳ ಹಿಂದಿರುವ ಶಾಶ್ವತ ಅಗಲಿಕೆಯ ಭೀತಿಯು ಆ ಧರ್ಮಸಿದ್ಧಾಂತದಿಂದಲೇ ಹುಟ್ಟಿದ್ದು.

ಸುಧಾರಣಾ ಚಳವಳಿ ಮತ್ತು ಹೆಸರು ಬೇಡುವ ದನಿ

೧೬ನೆಯ ಶತಮಾನದ ಸುಧಾರಣಾ ಚಳವಳಿಯು ಈ ಪ್ರಶ್ನೆಯನ್ನು ಮತ್ತೆ ತೆರೆಯಿತು. ಕೂಸನ್ನು ಕಳೆದುಕೊಂಡ ತಾಯಂದಿರಿಗಾಗಿ ಲೂಥರ್ ೧೫೪೨ರಲ್ಲಿ ಒಂದು ಸಾಂತ್ವನದ ಬರಹವನ್ನು ಪ್ರಕಟಿಸಿ, ಅವರ ಮೂಕ ನಿಟ್ಟುಸಿರನ್ನೂ ದೇವರು ಪ್ರಾರ್ಥನೆಯೆಂದು ಆಲಿಸುತ್ತಾನೆ ಎಂದು ಧೈರ್ಯ ಹೇಳಿದನು. ಕ್ಯಾಲ್ವಿನ್ ಇನ್ನೂ ಮುಂದೆ ಹೋದನು. ವಿಶ್ವಾಸಿಗಳ ಮಕ್ಕಳು ಹುಟ್ಟಿನಿಂದಲೇ ದೇವರ ಒಡಂಬಡಿಕೆಗೆ ಸೇರಿದವರಾದುದರಿಂದ ಸೂಲಗಿತ್ತಿಯ ತುರ್ತು ಸ್ನಾನ ಅನಗತ್ಯವಷ್ಟೇ ಅಲ್ಲ, ತಪ್ಪು ಕೂಡ ಎಂಬುದು ಅವನ ನಿಲುವು. ಕೃಪೆ ಮತ್ತು ರಕ್ಷಣೆಗಳು ದೀಕ್ಷಾಸ್ನಾನಕ್ಕೆ ಬಿಡಿಸಲಾಗದಂತೆ ಅಂಟಿಕೊಂಡಿಲ್ಲವೆಂದು ೧೬೪೬ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ನಿರೂಪಣೆ ಸಾರಿತು. ನಂಬಿಕೆಯಿಲ್ಲದ ಶಿಶುವಿಗೆ ಸ್ನಾನವೇ ಸಲ್ಲದು ಎಂದವರು ೧೫೨೫ರಲ್ಲಿ ಜ್ಯೂರಿಕ್‌ನಲ್ಲಿ ವಯಸ್ಕರ ದೀಕ್ಷೆಯನ್ನು ಆರಂಭಿಸಿದ ಪುನರ್ದೀಕ್ಷಾ ಪಂಥದವರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ೧೫೨೭ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಇದಕ್ಕೆದುರಾಗಿ ಕಥೋಲಿಕ ಧರ್ಮಸಭೆಯು ೧೫೪೭ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ದೀಕ್ಷಾಸ್ನಾನದ ಅನಿವಾರ್ಯತೆಯನ್ನು ಪುನರುಚ್ಚರಿಸಿತು. ಆದರೆ ಬಯಕೆಯ ಅಪವಾದವನ್ನು ಉಳಿಸಿಕೊಂಡಿತು.

ಸಿದ್ಧಾಂತ ಬದಲಾದ ಮಾತ್ರಕ್ಕೆ ಜನಪದರ ಭಯ ಅಳಿಯಲಿಲ್ಲ. ನಾರ್ವೆಯ 'ಊತ್‌ಬುರ್ಡ್', ಸ್ವೀಡನ್ನಿನ 'ಮ್ಯೂಲಿಂಗ್' ಐತಿಹ್ಯಗಳು ಇದನ್ನು ಶ್ರುತಪಡಿಸುತ್ತವೆ. ದೀಕ್ಷೆಯಿಲ್ಲದೆ, ಹಲವೊಮ್ಮೆ ಹೆತ್ತವಳಿಂದಲೇ ಹತವಾಗಿ, ಗುಟ್ಟಾಗಿ ಹೂಳಲ್ಪಟ್ಟ ಕೂಸು ಕಾಡಿನಲ್ಲಿ, ಸೇತುವೆಯ ಬಳಿ ರಾತ್ರಿ ಅಳುತ್ತದೆ. ದಾರಿಹೋಕನೊಬ್ಬನು ದೀಕ್ಷೆಯ ಮಾತುಗಳನ್ನು ಉಚ್ಚರಿಸಿ, ಗಂಡೋ ಹೆಣ್ಣೋ ತಿಳಿಯದುದರಿಂದ ಎರಡು ಬಗೆಯ ಹೆಸರನ್ನೂ ಕೊಟ್ಟಾಗ ಅಳು ನಿಲ್ಲುತ್ತದೆ. ಈ ದೇಶಗಳು ೧೬ನೆಯ ಶತಮಾನದಿಂದ ಲೂಥರನ ಪಂಥಕ್ಕೆ ಸೇರಿದವು. ಅಲ್ಲಿಯ ಪಾದ್ರಿಗಳು ಲಿಂಬೊವನ್ನು ಬೋಧಿಸುತ್ತಿರಲಿಲ್ಲ. ಆದರೂ ಐತಿಹ್ಯಗಳು ೨೦ನೆಯ ಶತಮಾನದವರೆಗೂ ಬಾಯಿಂದ ಬಾಯಿಗೆ ಹರಿದುಬಂದವು. ಅಧಿಕೃತ ಬೋಧನೆ ಕೈಬಿಟ್ಟ ಕೂಸಿನ ಹೊಣೆಯನ್ನು ಕಥೆಯು ಹೊತ್ತುಕೊಂಡಿತೆನ್ನಬಹುದು. ಈ ಕಥೆಗಳಲ್ಲಿ ಕೂಸಿಗೆ ಬಿಡುಗಡೆ ಕೊಡುವವನು ಪಾದ್ರಿಯೇ ಆಗಬೇಕಿಲ್ಲ, ದಾರಿಯಲ್ಲಿ ಹೋಗುವ ಯಾರಾದರೂ ಆಗಬಹುದು ಎಂಬುದು ಗಮನಾರ್ಹ.

ಇಂಗ್ಲೆಂಡಿನಲ್ಲಿ ೧೬೬೨ರ ಪ್ರಾರ್ಥನಾ ಗ್ರಂಥವು ದೀಕ್ಷೆಯಿಲ್ಲದವರಿಗೆ ಅಂತ್ಯಕ್ರಿಯೆಯ ವಿಧಿಯನ್ನು ನಿಷೇಧಿಸಿತು. ಥಾಮಸ್ ಹಾರ್ಡಿಯ ೧೮೯೧ರ 'ಟೆಸ್' ಕಾದಂಬರಿಯಲ್ಲಿ ನಾಯಕಿಯು ಸಾಯುತ್ತಿರುವ ಕೂಸಿಗೆ ತಾನೇ ದೀಕ್ಷೆ ಕೊಡುವ ಪ್ರಸಂಗವು ಈ ಸಾಮಾಜಿಕ ವಾಸ್ತವದ ಮೇಲೆಯೇ ನಿಂತಿದೆ.

೨೦೦೭ರ ದಾಖಲೆ ಮತ್ತು ಅದರ ಮಹತ್ವ

ಕಥೋಲಿಕ ಧರ್ಮಸಭೆಯಲ್ಲಿ ಮಾರ್ಪಾಡು ಬಂದದ್ದು ನಿಧಾನವಾಗಿ. ಲಿಂಬೊ ಕೇವಲ ಕಟ್ಟುಕಥೆಯೆಂಬ ಪಿಸ್ಟೋಯಾ ಸಭೆಯ ವಾದವನ್ನು ಆರನೆಯ ಪಯಸ್ ಪೋಪ್ ೧೭೯೪ರಲ್ಲಿ ತಿರಸ್ಕರಿಸಿದ್ದನು. ೧೯೧೭ರ ಧರ್ಮಸಂಹಿತೆಯೂ ದೀಕ್ಷೆಯಿಲ್ಲದವರಿಗೆ ಚರ್ಚಿನ ಸಮಾಧಿಯನ್ನು ನಿರಾಕರಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, ೧೯೬೯ರ ಅಂತ್ಯಕ್ರಿಯಾ ವಿಧಿಯಲ್ಲಿ ದೀಕ್ಷೆಗೆ ಮುನ್ನ ಸತ್ತ ಮಕ್ಕಳಿಗಾಗಿ ಪ್ರತ್ಯೇಕ ಪ್ರಾರ್ಥನೆಗಳು ಸೇರಿದವು. ೧೯೯೨ರ ಧರ್ಮೋಪದೇಶ ಗ್ರಂಥವು ಇಂತಹ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸಿತು. ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಸಿದ್ಧಪಡಿಸಿದ ದಾಖಲೆ ಹದಿನಾರನೆಯ ಬೆನೆಡಿಕ್ಟ್ ಪೋಪರ ಒಪ್ಪಿಗೆಯೊಂದಿಗೆ ೨೦೦೭ರ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಯಿತು.

ಲಿಂಬೊವನ್ನು ರದ್ದುಗೊಳಿಸಲಾಯಿತೆಂದು ಅಂದಿನ ಪತ್ರಿಕೆಗಳು ಬರೆದವು. ದಾಖಲೆ ಹಾಗೆ ಹೇಳುವುದಿಲ್ಲ. ಲಿಂಬೊ ಎಂದೂ ಕಡ್ಡಾಯ ಧರ್ಮತತ್ತ್ವವಾಗಿರಲಿಲ್ಲ, ಒಂದು ಸಾಧ್ಯ ಅಭಿಪ್ರಾಯವಾಗಿ ಅದು ಉಳಿಯಬಹುದು. ಆದರೆ ಈ ಕೂಸುಗಳು ರಕ್ಷಣೆ ಹೊಂದುತ್ತವೆಂದು ಆಶಿಸಲು ಬಲವಾದ ಆಧಾರಗಳಿವೆ, ಈ ಆಶೆಯು ಖಚಿತ ಜ್ಞಾನವಲ್ಲ ಎಂಬುದು ಅದರ ತಾತ್ಪರ್ಯ. ದೀಕ್ಷಾಸ್ನಾನದ ಅಗತ್ಯವನ್ನು ಅದು ಕೈಬಿಟ್ಟಿಲ್ಲ. ತನ್ನ ವಾದಕ್ಕೆ ಬೆಂಬಲವಾಗಿ ಅದು ಮುಂದಿಟ್ಟಿರುವ ನಿದರ್ಶನಗಳಲ್ಲಿ ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ಮಕ್ಕಳದೂ ಒಂದು. ನೀರಿನ ದೀಕ್ಷೆಯಾಗಲಿ ಬಯಕೆಯಾಗಲಿ ಇಲ್ಲದ ಆ ಕೂಸುಗಳನ್ನು ಧರ್ಮಸಭೆಯು ಶತಮಾನಗಳಿಂದ ಪ್ರತಿ ಡಿಸೆಂಬರ್ ೨೮ರಂದು ಸಂತರೆಂದೇ ಸ್ಮರಿಸುತ್ತ ಬಂದಿದೆ. ದೈವಶಾಸ್ತ್ರದಲ್ಲಿ ಪರಿಹಾರ ಕಾಣದ ಪ್ರಶ್ನೆಗೆ ಹಬ್ಬದ ಆಚರಣೆಯಲ್ಲಿ ಉತ್ತರದ ಎಳೆಯೊಂದು ಮೊದಲಿನಿಂದಲೂ ಇತ್ತೆಂಬುದು ಇದರಿಂದ ತಿಳಿಯುತ್ತದೆ.

ಈ ಬದಲಾವಣೆಗೆ ಜನಪದ ಆಚರಣೆಯೊಂದೇ ಕಾರಣವೆಂದು ಹೇಳುವುದು ಅತಿರೇಕವಾಗುತ್ತದೆ. ಅಮೆರಿಕ ಖಂಡಗಳ ಶೋಧದ ನಂತರ ಎದ್ದ, ಸುವಾರ್ತೆಯನ್ನೇ ಕೇಳದ ಜನರ ರಕ್ಷಣೆಯ ಪ್ರಶ್ನೆ, ಪಂಥಗಳ ನಡುವಣ ವಾದ, ೨೦ನೆಯ ಶತಮಾನದ ದೈವಶಾಸ್ತ್ರದ ಹೊಸ ಒಲವುಗಳು ಇವೆಲ್ಲವೂ ಸೇರಿವೆ. ಆದರೆ ಹೆತ್ತವರ ಸಂಕಟವು ಈ ಪ್ರಶ್ನೆಯನ್ನು ತುರ್ತಿನದಾಗಿ ಮಾಡಿದೆಯೆಂದು ಆ ದಾಖಲೆಯೂ ಮನಗಂಡಿದೆ. ಈ ಸಂಕಟಕ್ಕೆ ಗ್ರಂಥಗಳಲ್ಲಿ ದಾಖಲೆ ಕಡಿಮೆ. ಅದು ಉಳಿದಿರುವುದು ಓಬರ್‌ಬ್ಯೂರೆನ್ನಿನ ಮಣ್ಣಿನಲ್ಲಿ, ಐರ್ಲೆಂಡಿನ ಬೆಣಚುಕಲ್ಲುಗಳಲ್ಲಿ, ನಾರ್ವೆಯ ಕಥೆಗಳಲ್ಲಿ.

ಒಟ್ಟಿನಲ್ಲಿ, ರಕ್ಷಣೆಗೆ ದೀಕ್ಷಾಸ್ನಾನ ಅನಿವಾರ್ಯವೆ ಎಂಬ ಪ್ರಶ್ನೆಗೆ ಕ್ರೈಸ್ತ ಪಂಥಗಳು ಇಂದಿಗೂ ಭಿನ್ನ ಉತ್ತರಗಳನ್ನು ಕೊಡುತ್ತಿವೆ. ಆದರೆ ನಿಯಮದ ಭಾರವನ್ನು ಹೊತ್ತವರು ಅದನ್ನು ರೂಪಿಸಿದವರಲ್ಲ, ಸೂಲಗಿತ್ತಿಯರು ಮತ್ತು ಹೆತ್ತವರು ಎಂಬ ಸಂಗತಿಯನ್ನು ಮರೆತು ಈ ಪ್ರಶ್ನೆಯ ಚರಿತ್ರೆಯನ್ನು ಬರೆಯಲಾಗದು. ಐರ್ಲೆಂಡಿನ ಹಲವು ಊರುಗಳಲ್ಲಿ ಕಳೆದ ಕೆಲವು ದಶಕಗಳಿಂದ ಜನರು ಕಿಲ್ಲೀನ್‌ಗಳ ಪೊದೆ ಕಡಿದು, ಸ್ಮಾರಕದ ಕಲ್ಲು ನೆಟ್ಟು, ಪಾದ್ರಿಯನ್ನು ಕರೆತಂದು ಆ ನೆಲವನ್ನು ಪವಿತ್ರಗೊಳಿಸುತ್ತಿದ್ದಾರೆ. ಒಂದು ಕಾಲಕ್ಕೆ ಕತ್ತಲಲ್ಲಿ ಗುಟ್ಟಾಗಿ ನಡೆದ ಕಾರ್ಯವು ಹಗಲಿನಲ್ಲಿ, ಊರವರೆಲ್ಲರ ಎದುರು ಪೂರ್ಣಗೊಳ್ಳುತ್ತಿದೆ.